ತಾರಸಿ ಮೇಲೊಂದು ಅಕ್ಕಡಿ ಸಾಲು: ಜೇನು ಬರುವಂಥ ಗಿಡ ಆರಿಸುವುದು ಹೇಗೆ?

ಮೂರು ವರ್ಷದ ಹಿಂದೆ ನಮ್ಮ ತಾರಸಿಯಲ್ಲಿ ಸಿಹಿಗುಂಬಳದ ಬಳ್ಳಿ ಹಾಕಿದ್ದೆ. ಬೆಂಗಳೂರಿನ ಹನುಮಂತನಗರದಲ್ಲಿ ಮೂರನೇ ಮಹಡಿ, ಬಿಸಿಲಿಗೆ ಬರವಿಲ್ಲ. ಬಳ್ಳಿ ನೀರಿನ ಟ್ಯಾಂಕನ್ನೇ ಸುತ್ತಿಕೊಂಡು ಹಬ್ಬಿತು, ಅಂಗೈ ಅಗಲದ ಹಳದಿ ಹೂವು ದಿನಕ್ಕೆ ಐದಾರು ಬಿಡುತ್ತಿತ್ತು. ಕಾಯಿ ಮಾತ್ರ ನಿಂಬೆಹಣ್ಣಿನ ಗಾತ್ರಕ್ಕೆ ಬಂದು, ಹಳದಿ ತಿರುಗಿ, ಕೊಳೆತು ಉದುರುತ್ತಿತ್ತು. ಗೊಬ್ಬರ ಸಾಲದೇನೋ ಅಂತ ಸಗಣಿ ಗೊಬ್ಬರ ಹಾಕಿದೆ, ಬೇವಿನ ಹಿಂಡಿ ಹಾಕಿದೆ, ಯಾರೋ ಹೇಳಿದರು ಅಂತ ಹುಳಿ ಮಜ್ಜಿಗೆಯನ್ನೂ ಹಾಕಿದೆ. ಏನೂ ಆಗಲಿಲ್ಲ.

ಆಗ ಮಾಲೂರಿನಿಂದ ನಮ್ಮಮ್ಮ ಬಂದಿದ್ದರು. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಬಳ್ಳಿ ಪಕ್ಕ ಸುಮ್ನೆ ಅರ್ಧ ಗಂಟೆ ಕೂತಿದ್ದು, ಕೆಳಗೆ ಬಂದು ಹೇಳಿದರು: "ಒಂದು ಜೇನೂ ಬರಲಿಲ್ವಲ್ಲೋ. ಕಾಯಿ ಎಲ್ಲಿಂದ ಕಟ್ಟುತ್ತೆ?"

ಅವರು ಹೇಳಿದ್ದು ಸರಿ. ನಾನು ಮಾಡಿದ್ದು ತಪ್ಪು. ಮುಂದಿನ ಭಾನುವಾರ ಒಂದು ನರ್ಸರಿಗೆ ಹೋಗಿ, "ಜೇನು ಬರುತ್ತೆ ಸಾರ್, ಗ್ಯಾರಂಟಿ" ಅಂತ ಹೇಳಿದ್ದನ್ನೆಲ್ಲ ನಂಬಿ, 1,800 ರೂಪಾಯಿ ಕೊಟ್ಟು ಹನ್ನೊಂದು ಕುಂಡ ತಂದೆ. ಮುದ್ದೆ ಮುದ್ದೆ ಸೇವಂತಿಗೆ, ಗುಲಾಬಿ, ಪೆಟೂನಿಯಾ, ಒಂದು ಬೋಗನ್‌ವಿಲ್ಲ. ತಾರಸಿ ಮದುವೆ ಮಂಟಪದ ಥರ ಕಾಣುತ್ತಿತ್ತು. ಮೂರು ವಾರ ಕಾದರೂ ಜೇನಿನ ಸುಳಿವಿಲ್ಲ. ಅದೇ ಹೊತ್ತಿಗೆ ಮೂಲೆಯಲ್ಲಿ ನಾನು ಮರೆತೇಬಿಟ್ಟಿದ್ದ ಒಂದು ಕೊತ್ತಂಬರಿ ಕುಂಡವಿತ್ತು. ಕಿತ್ತು ಸಾರಿಗೆ ಹಾಕಬೇಕಿತ್ತು, ಹಾಕಿರಲಿಲ್ಲ. ಅದು ಎದ್ದು ಹೂವಾಗಿತ್ತು. ಹತ್ತಿರ ಹೋದರೆ ಗುಂಯ್ ಅನ್ನುವ ಸದ್ದು. ಸಾಸಿವೆ ಕಾಳಿನಷ್ಟೇ ಇರುವ ಆ ಬಿಳಿ ಹೂವುಗಳ ಮೇಲೆ ನಾಲ್ಕೈದು ಬಗೆಯ ಹುಳು ಓಡಾಡುತ್ತಿದ್ದವು.

ಹಾಗಾಗಿ ಈ ಲೇಖನದಲ್ಲಿ ನಾನು ಹೇಳುವುದು ಹೆಚ್ಚಾಗಿ ಅಡುಗೆಮನೆ ಗಿಡಗಳ ಬಗ್ಗೆಯೇ. ನರ್ಸರಿಗೂ ಹೋಗೋಣ, ಆದರೆ ಆಮೇಲೆ.

ಮೊದಲು: ಯಾರು ಬರುತ್ತಿದ್ದಾರೆ ಅಂತ ನೋಡಿ

ಗಿಡ ಕೊಳ್ಳುವ ಮೊದಲು ಒಂದು ವಾರ, ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಯಾವಾಗಲಾದರೂ ಹದಿನೈದು ನಿಮಿಷ ನಿಮ್ಮ ಗಿಡಗಳ ಹತ್ತಿರ ಕೂತುಕೊಳ್ಳಿ. ಗಿಡವೇ ಇಲ್ಲದಿದ್ದರೆ ಬೀದಿಯ ಖಾಲಿ ಸೈಟಿನ ಹತ್ತಿರ ನಿಂತರೂ ಸರಿ. ಅಲ್ಲಿ ತುಂಬೆ ಗಿಡ ಇದ್ದರಂತೂ ಬೇರೆ ಎಲ್ಲೂ ಹೋಗಬೇಕಾಗಿಲ್ಲ.

ಜೇನು ಅಂದರೆ ಒಂದೇ ಅಲ್ಲ. ಬೆಂಗಳೂರಿನಲ್ಲಿ ಗುಂಪಾಗಿ ಗೂಡು ಕಟ್ಟುವ ಜೇನೇ ನಾಲ್ಕು ಬಗೆ ಸಿಗುತ್ತವೆ. ಎತ್ತರದ ಕಟ್ಟಡಗಳ ಚಾಚಿನ ಕೆಳಗೆ ದೊಡ್ಡ ಹುಟ್ಟು ಕಟ್ಟುವ ಹೆಜ್ಜೇನು, ಪೊಟರೆಯಲ್ಲೋ ಪೆಟ್ಟಿಗೆಯಲ್ಲೋ ಇರುವ ತುಡುವೆ, ಬೇಲಿಯ ಕಡ್ಡಿಗೆ ಅಂಗೈಯಷ್ಟು ಹುಟ್ಟು ಕಟ್ಟುವ ಕೋಲುಜೇನು, ಗೋಡೆ ಬಿರುಕಿನಲ್ಲಿ ಅಂಟಿನ ಕೊಳವೆ ಮಾಡಿಕೊಂಡಿರುವ ಮುಜಂಟಿ. ಮುಜಂಟಿಯನ್ನು ನಸರಿ ಅಂತಲೂ ಕರೆಯುತ್ತಾರೆ. ಅದು ಕುಟುಕುವುದಿಲ್ಲ, ನೋಡಿದರೆ ಕಪ್ಪು ನೊರಜು ಅನಿಸುತ್ತದೆ.

ಇವಲ್ಲದೆ ಒಂಟಿಯಾಗಿ ಬದುಕುವ ಜೇನುಗಳಿವೆ, ನಮ್ಮ ತರಕಾರಿಗೆ ಇವುಗಳಿಂದ ಆಗುವ ಉಪಕಾರ ಕಡಿಮೆಯೇನಲ್ಲ. ಮೈಯೆಲ್ಲ ಕಪ್ಪು, ರೆಕ್ಕೆ ನೀಲಿ ಮಿಂಚುವ ದೊಡ್ಡ ದುಂಬಿಯನ್ನು ಎಲ್ಲರೂ ನೋಡಿರುತ್ತೀರಿ, ಒಣಮರ ಕೊರೆದು ಗೂಡು ಮಾಡುತ್ತದೆ. ಹೊಟ್ಟೆಯ ಮೇಲೆ ತಿಳಿನೀಲಿ ಪಟ್ಟೆ ಇರುವ ಇನ್ನೊಂದು ಇದೆ. ಒಂದು ಹೂವಿನ ಮೇಲೆ ಒಂದು ಕ್ಷಣ, ಜುಂಯ್ ಅಂತ ಮುಂದಿನದಕ್ಕೆ. ಫೋಟೋ ತೆಗೆಯಲು ಹೋದರೆ ತಾಳ್ಮೆ ಪರೀಕ್ಷೆ. ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದ ಹಾಗೆ ದುಂಡಗಿನ ತೂತು ಕಂಡರೆ ಗಾಬರಿಯಾಗಿ ಔಷಧಿ ಹೊಡೆಯಬೇಡಿ, ಅದು ಎಲೆ ಕತ್ತರಿಸುವ ಜೇನು ತನ್ನ ಗೂಡಿಗೆ ಒಯ್ದ ತುಂಡು. ಗಿಡಕ್ಕೆ ಏನೂ ಆಗುವುದಿಲ್ಲ.

ಇನ್ನು ಹೂನೊಣ. ಜೇನಿನ ಹಾಗೇ ಹಳದಿ ಕಪ್ಪು ಪಟ್ಟೆ, ಆದರೆ ಗಾಳಿಯಲ್ಲಿ ಒಂದೇ ಕಡೆ ನಿಂತಿರುತ್ತದೆ, ಕುಟುಕುವುದಿಲ್ಲ. ಇದರ ಮರಿಹುಳು ಗಿಡದ ಹೇನನ್ನು ತಿನ್ನುತ್ತದೆ. ಇದು ನೆನಪಿರಲಿ, ಅವರೆಗೆ ಬಂದಾಗ ಬೇಕಾಗುತ್ತದೆ.

ನರ್ಸರಿಯಲ್ಲಿ ಏನು ಬೇಡ

ಒಂದು ಸುಲಭದ ಪರೀಕ್ಷೆ ಇದೆ. ಹೂವನ್ನು ನೇರವಾಗಿ ನೋಡಿ. ನಡುವೆ ಹಳದಿ ಪುಡಿ, ಕೇಸರ ಕಣ್ಣಿಗೆ ಕಾಣುತ್ತಾ? ಕಂಡರೆ ತಗೊಳ್ಳಿ. ಬರೀ ಎಸಳ ಮೇಲೆ ಎಸಳು ಇದ್ದರೆ ಬಿಡಿ. ಸುತ್ತು ಜಾಸ್ತಿಯಾದಷ್ಟೂ ನಮಗೆ ಚೆಂದ, ಜೇನಿಗೆ ಬಾಗಿಲು ಮುಚ್ಚಿದ ಅಂಗಡಿ. ಇಂಥ ಎಷ್ಟೋ ಹೂಗಳಲ್ಲಿ ಕೇಸರಗಳೇ ಎಸಳಾಗಿ ಬದಲಾಗಿರುತ್ತವೆ, ಪರಾಗ ಇರುವುದೇ ಕಡಿಮೆ, ಇದ್ದರೂ ಒಳಗೆ ನುಗ್ಗಲು ದಾರಿ ಇರುವುದಿಲ್ಲ. ಐದೆಸಳಿನ ದಾಸವಾಳ ಸರಿ, ಮುದ್ದೆ ದಾಸವಾಳ ಬೇಡ. ನಂದಿಬಟ್ಟಲಲ್ಲೂ ಎರಡು ಬಗೆ ಇದೆ, ಒಂದೇ ಸುತ್ತಿನದು ಕೇಳಿ. ಚೆಂಡು ಹೂವು, ಝಿನ್ನಿಯಾ ಎಲ್ಲಕ್ಕೂ ಇದೇ ಮಾತು. ದೇವರಿಗೆ ಏಳು ಸುತ್ತಿನ ಮಲ್ಲಿಗೆ ಬೇಕೆಂದರೆ ಇಟ್ಟುಕೊಳ್ಳಿ, ನಮ್ಮ ಮನೆಯಲ್ಲೂ ಇದೆ, ಆದರೆ ಅದನ್ನು ಜೇನಿನ ಲೆಕ್ಕಕ್ಕೆ ಸೇರಿಸಬೇಡಿ.

ಬೋಗನ್‌ವಿಲ್ಲವನ್ನು ನಮ್ಮವರು ಕಾಗದದ ಹೂವು ಅಂತ ಕರೆದದ್ದು ಸುಮ್ಮನೆ ಅಲ್ಲ. ಬಣ್ಣ ಇರುವುದು ಎಲೆಯಂಥ ಭಾಗಕ್ಕೆ, ನಿಜವಾದ ಹೂವು ನಡುವೆ ಇರುವ ಸಣ್ಣ ಬಿಳಿ ಕೊಳವೆ. ಚಿಟ್ಟೆ ಆಗೊಮ್ಮೆ ಈಗೊಮ್ಮೆ ಬರಬಹುದು, ಜೇನು ಅಷ್ಟಕ್ಕಷ್ಟೇ.

ಲಂಟಾನ ಕೊಳ್ಳಬೇಡಿ. ಚಿಟ್ಟೆ ಬರುತ್ತೆ, ನಿಜ. ಆದರೆ ಅಮೆರಿಕ ಖಂಡದಿಂದ ಬಂದ ಈ ಗಿಡ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಎಷ್ಟು ಹಬ್ಬಿದೆ ಅಂದರೆ ಜಿಂಕೆಗೆ ಮೇಯಲು ಹುಲ್ಲು ಸಿಗದ ಜಾಗಗಳಿವೆ. ಹಕ್ಕಿ ಹಣ್ಣು ತಿಂದು ಬೀಜ ಎಲ್ಲಿ ಬೀಳಿಸುತ್ತದೋ ನಮ್ಮ ಕೈಯಲ್ಲಿಲ್ಲ. ಹಾಗೇ, ಸೈಟಿನ ಮುಂದೆ ಮರ ನೆಡುವವರಿಗೆ ಒಂದು ಮಾತು: ಮೊಗ್ಗು ಹಿಂಡಿದರೆ ನೀರು ಚಿಮ್ಮುವ ನೀರುಕಾಯಿ ಮರ ಇದೆಯಲ್ಲ, ಕೆಂಪು ಹೂವಿನದು, ಅದು ಆಫ್ರಿಕಾದ್ದು. ಬ್ರೆಜಿಲ್‌ನಲ್ಲಿ ಅದರ ಹೂವಿನೊಳಗೆ ಮುಜಂಟಿಯಂಥ ಸಣ್ಣ ಜೇನುಗಳು ಸತ್ತು ಬಿದ್ದಿರುವುದನ್ನು ಗಮನಿಸಿದ್ದಾರೆ. ಬೇರೆ ಮರ ಎಷ್ಟೋ ಇರುವಾಗ ಅದೇ ಯಾಕೆ?

ಬಣ್ಣದ ವಿಷಯ. ಜೇನಿಗೆ ಕೆಂಪು ಕಾಣುವುದಿಲ್ಲ, ಅದಕ್ಕೆ ಕೆಂಪು ಅಂದರೆ ಕಪ್ಪಿನ ಹಾಗೆ. ನೀಲಿ, ನೇರಳೆ, ಹಳದಿ ಚೆನ್ನಾಗಿ ಕಾಣುತ್ತದೆ, ನಮಗೆ ಕಾಣದ ಅತಿನೇರಳೆಯೂ ಕಾಣುತ್ತದೆ. ಜೇನಿಗೆ ಬಣ್ಣ ಕಾಣುತ್ತದೆ ಅಂತ ಪ್ರಯೋಗ ಮಾಡಿ ತೋರಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ ಮುಂದೆ 1973ರಲ್ಲಿ ನೊಬೆಲ್ ಬಂತು. ಕೆಂಪು ದಾಸವಾಳ, ಕೇಪಳ ಇಟ್ಟರೆ ಸೂರಕ್ಕಿ ಬರುತ್ತದೆ, ಚಿಟ್ಟೆ ಬರುತ್ತದೆ. ಜೇನಿಗೆ ಅಂತಲೇ ಕೊಳ್ಳುವುದಾದರೆ ಬಿಳಿ, ಹಳದಿ, ನೇರಳೆ ಕಡೆ ನೋಡಿ.

ಲಾಲ್‌ಬಾಗ್ ನರ್ಸರಿ, ಅದರ ಹಿಂದಿನ ಸಿದ್ದಾಪುರದ ನರ್ಸರಿಗಳು, ಎಲ್ಲಿಗೆ ಹೋದರೂ ಒಂದು ಕೆಲಸ ಮಾಡಿ. ಕೊಳ್ಳುವ ಮೊದಲು ಐದು ನಿಮಿಷ ಸುಮ್ಮನೆ ತಿರುಗಾಡಿ, ಯಾವ ಗಿಡದ ಮೇಲೆ ಜೇನು ಕೂತಿದೆ ನೋಡಿ, ಅದನ್ನೇ ತನ್ನಿ. ಇದಕ್ಕಿಂತ ಒಳ್ಳೆಯ ಗ್ಯಾರಂಟಿ ಯಾರೂ ಕೊಡಲಾರರು. ನಾನು ಹೀಗೆ ತಂದವು ಎರಡೇ: ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುವ ಹಳದಿ ಟರ್ನೆರಾ, ಮತ್ತೆ ಚಿಟ್ಟೆಗೆ ಅಂತ ಪೆಂಟಾಸ್. ಟರ್ನೆರಾ ಮೂರು ವರ್ಷದಿಂದ ಹೂವು ನಿಲ್ಲಿಸಿಲ್ಲ.

ಅಡುಗೆಮನೆಯ ಡಬ್ಬಿಯಿಂದ

ಈಗ ಅಸಲು ವಿಷಯ. ನಾವು ಸೊಪ್ಪು ತರಕಾರಿ ಬೆಳೆಯುವಾಗ ಮಾಡುವ ಒಂದೇ ತಪ್ಪು, ಹೂವಾಗುವ ಮೊದಲೇ ಎಲ್ಲವನ್ನೂ ಕಿತ್ತುಬಿಡುವುದು. ನಾಲ್ಕರಲ್ಲಿ ಒಂದು ಪಾಲು ಬಿಡಿ ಸಾಕು.

ಕೊತ್ತಂಬರಿಯಿಂದ ಶುರು ಮಾಡಿ. ಧನಿಯಾವನ್ನು ಚಪ್ಪಲಿ ಕಾಲಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತುವುದು ಎಲ್ಲರಿಗೂ ಗೊತ್ತು. (ದೇವರ ಪಕ್ಕ ಕೂತು ಉಜ್ಜಬೇಡಿ, ಅಮ್ಮನ ಹತ್ತಿರ ಬೈಸಿಕೊಂಡಿದ್ದೇನೆ. ಲಟ್ಟಣಿಗೆಯಲ್ಲೂ ಆಗುತ್ತದೆ.) ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಬಿತ್ತುತ್ತಾ ಹೋದರೆ ಒಂದು ಕಡೆ ಸೊಪ್ಪು, ಒಂದು ಕಡೆ ಹೂವು. ಬೇಸಿಗೆಯಲ್ಲಂತೂ ಅದು ನಿಮ್ಮನ್ನು ಕೇಳುವುದಿಲ್ಲ, ತಾನೇ ಎದ್ದು ಹೂವಾಗುತ್ತದೆ. ಸಬ್ಬಸಿಗೆ ಸೊಪ್ಪೂ ಇದೇ ಜಾತಿ, ಹಳದಿ ಕೊಡೆಯಂಥ ಹೂವು. ಇವುಗಳ ಹೂವು ತೀರಾ ಚಿಕ್ಕದು, ರಸ ಮೇಲೆಯೇ ಇರುತ್ತದೆ, ಹಾಗಾಗಿ ನಾಲಿಗೆ ಗಿಡ್ಡ ಇರುವ ಹೂನೊಣ, ಮುಜಂಟಿ, ಕೋಲುಜೇನು ಎಲ್ಲಕ್ಕೂ ಎಟುಕುತ್ತದೆ.

ಕಾಮಕಸ್ತೂರಿ. ಒಂದೇ ಒಂದು ಗಿಡ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಗ್ರಂಥಿಗೆ ಅಂಗಡಿಯಲ್ಲಿ ಶರಬತ್ತಿಗೆ ಹಾಕುವ ಕಾಮಕಸ್ತೂರಿ ಬೀಜ ಕೇಳಿ, ಇಪ್ಪತ್ತು ರೂಪಾಯಿದು ತಂದರೆ ಇಡೀ ಬೀದಿಗೆ ಹಂಚಬಹುದು. ಬೀಜ ಮಣ್ಣಿನ ಮೇಲೆ ಉದುರಿಸಿ, ಮುಚ್ಚಬೇಡಿ, ನೀರು ಚಿಮುಕಿಸಿ. ಒದ್ದೆಯಾದ ಕೂಡಲೇ ಲೋಳೆ ಕಟ್ಟಿಕೊಂಡು ಮಣ್ಣಿಗೆ ತಾನೇ ಅಂಟಿಕೊಳ್ಳುತ್ತದೆ. ಎರಡು ತಿಂಗಳಲ್ಲಿ ಮೊಣಕಾಲೆತ್ತರ. ಕದಿರು ಬಲಿತು ಕಂದು ಬಣ್ಣಕ್ಕೆ ತಿರುಗುತ್ತಿದ್ದಂತೆ ಅರ್ಧದಷ್ಟು ಕದಿರನ್ನು ಕತ್ತರಿಸಿದರೆ ಕೆಳಗಿಂದ ಮತ್ತೆ ಚಿಗುರಿ ಹೂವಾಗುತ್ತದೆ. ಹೀಗೆ ತಿಂಗಳುಗಟ್ಟಲೆ ಎಳೆಯಬಹುದು. ನೀಲಿ ಪಟ್ಟೆಯ ಜೇನು ನಮ್ಮ ತಾರಸಿಗೆ ಮೊದಲು ಬಂದದ್ದು ಇದಕ್ಕೇ.

ತುಳಸಿಯೂ ಹಾಗೇ, ಆದರೆ ತುಳಸಿಯ ಕದಿರು ಚಿವುಟಬೇಕು ಅಂತ ಮನೆಮನೆಯಲ್ಲೂ ಹೇಳುತ್ತಾರೆ, ಇಲ್ಲದಿದ್ದರೆ ಗಿಡ ಬೇಗ ಸೊರಗುತ್ತದೆ. ನಿಜವೇ. ನಮ್ಮ ಮನೆಯಲ್ಲಿ ಆದ ರಾಜಿ ಹೀಗೆ: ಬೃಂದಾವನದ ತುಳಸಿ ಅಮ್ಮನದು, ಅದರ ಕದಿರು ಚಿವುಟುವುದು ಅವರ ಹಕ್ಕು. ಟ್ಯಾಂಕ್ ಪಕ್ಕದ ಎರಡು ತುಳಸಿ ಜೇನಿನದು, ಅದನ್ನು ಯಾರೂ ಮುಟ್ಟುವಂತಿಲ್ಲ.

ಹುಚ್ಚೆಳ್ಳು. ಚಟ್ನಿಪುಡಿಗೆ ತರುವ ಹುರಿಯದ ಹುಚ್ಚೆಳ್ಳೇ ಬೀಜ. ಸಣ್ಣ ಸೂರ್ಯಕಾಂತಿಯ ಹಾಗೆ ಹಳದಿ ಹೂವು. ಈ ಗಿಡಕ್ಕೆ ತನ್ನದೇ ಪರಾಗದಿಂದ ಕಾಳು ಕಟ್ಟುವುದಿಲ್ಲ, ಬೇರೆ ಗಿಡದ ಪರಾಗವೇ ಬೇಕು, ಅದನ್ನು ತರುವುದು ಜೇನು. ಹಾಗಾಗಿ ಹೂವಿನಲ್ಲಿ ಔತಣಕ್ಕೆ ಕೊರತೆ ಇರುವುದಿಲ್ಲ. ಆಗಸ್ಟ್‌ನಲ್ಲಿ ಬಿತ್ತಿದರೆ ಅಕ್ಟೋಬರ್ ಹೊತ್ತಿಗೆ ಹೂವು.

ಸಾಸಿವೆ, ಮೂಲಂಗಿ ಸುಲಭ, ಹೆಚ್ಚು ಹೇಳಬೇಕಾಗಿಲ್ಲ. ಮೂಲಂಗಿ ಒಂದನ್ನು ಕೀಳದೆ ಬಿಟ್ಟರೆ ಹೂವಾಗಿ ಕೋಡು ಬಿಡುತ್ತದೆ, ಆ ಎಳೆ ಕೋಡು ಪಲ್ಯಕ್ಕೆ ಚೆನ್ನ. ಸೂರ್ಯಕಾಂತಿ ಹಾಕಬಹುದು, ಆದರೆ ಪರಾಗವಿಲ್ಲದ, ಹೂದಾನಿಗೆಂದೇ ಮಾಡಿದ ತಳಿ ಬೇಡ. ಪಾಲಕ್ ಬಿಟ್ಟು ಪ್ರಯೋಜನವಿಲ್ಲ, ಅದರ ಪರಾಗ ಗಾಳಿಯಲ್ಲಿ ಹೋಗುತ್ತದೆ.

ಅವರೆಗೆ ಒಂದು ಪ್ಯಾರಾ ಬೇಕೇ ಬೇಕು. ಊರ ಕಡೆಯ ಸೊಗಡವರೆ ಜುಲೈ, ಆಗಸ್ಟ್‌ನಲ್ಲಿ ಬಿತ್ತಿದರೆ ಹಗಲು ಚಿಕ್ಕದಾಗುವ ತನಕ ಬರೀ ಬಳ್ಳಿ, ಆಮೇಲೆ ಒಮ್ಮೆಲೇ ಹೂವು. ಅದರ ಹೂವು ಮುಚ್ಚಿದ ಬಾಯಿ ಥರ, ತೂಕ ಇರುವ ಜೇನು ಕೂತು ಒತ್ತಿದರೆ ಮಾತ್ರ ತೆರೆಯುತ್ತದೆ. ಕಪ್ಪು ದುಂಬಿ ಬಂದು ಕೂತಾಗ ಇಡೀ ಗೊಂಚಲು ಬಾಗುತ್ತದೆ, ಕೆಳಗಿನ ಎಸಳು ತೆರೆದು ಕೇಸರ ಮೇಲೆದ್ದು ಅದರ ಹೊಟ್ಟೆಗೆ ತಾಗುತ್ತದೆ. ಇಷ್ಟನ್ನು ನೋಡಲು ಒಂದು ಮುಂಜಾನೆ ಕೆಲಸಕ್ಕೆ ತಡವಾಗಿ ಹೋದರೂ ಪರವಾಗಿಲ್ಲ. ಅವರೆಗೆ ಹೇನು ಜಾಸ್ತಿ, ಎಳೆ ಕುಡಿಯೆಲ್ಲ ಕಪ್ಪಗಾಗುತ್ತದೆ. ಅದಕ್ಕೆ ಪಕ್ಕದಲ್ಲೇ ಹೂವಾದ ಕೊತ್ತಂಬರಿ ಇಡಿ, ಅದಕ್ಕೆ ಬಂದ ಹೂನೊಣ ಹೇನಿರುವ ಕಡೆ ಮೊಟ್ಟೆ ಇಡುತ್ತದೆ, ಉಳಿದದ್ದನ್ನು ಮರಿಹುಳು ನೋಡಿಕೊಳ್ಳುತ್ತದೆ. ಎರಡು ವಾರ ತಾಳ್ಮೆ ಬೇಕು. ವರ್ಷದ ಬೇರೆ ತಿಂಗಳಲ್ಲಿ ಅವರೆ ಬೇಕಾದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಹೆಬ್ಬಾಳ ಅವರೆ ತಳಿಗಳಿವೆ, ಹೆಬ್ಬಾಳ ಅವರೆ-3, 4 ಹಗಲಿನ ಉದ್ದ ನೋಡದೆ ಹೂವಾಗುತ್ತವೆ. ಸೊಗಡು ಮಾತ್ರ ನಾಟಿ ಅವರೆಯದೇ.

ಹನ್ನೆರಡು ತಿಂಗಳೂ ಏನಾದರೊಂದು ಹೂವು

ನಮ್ಮಮ್ಮನ ಊರಲ್ಲಿ ರಾಗಿ ಹೊಲದ ನಡುವೆ ಅಷ್ಟಷ್ಟು ದೂರಕ್ಕೆ ಒಂದು ಸಾಲು ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಹಾಕುತ್ತಾರೆ, ಅದೇ ಅಕ್ಕಡಿ ಸಾಲು. ಮನೆಗೆ ಬೇಳೆ, ಎಣ್ಣೆ, ಒಗ್ಗರಣೆ ಎಲ್ಲ ಆ ಸಾಲಿನಿಂದಲೇ. ಒಂದಾದ ಮೇಲೆ ಒಂದು ಹೂವಾಗುವುದರಿಂದ ಹೊಲದಲ್ಲಿ ಯಾವಾಗಲೂ ಜೇನಿರುತ್ತಿತ್ತು ಅಂತ ಅಮ್ಮ ಹೇಳುತ್ತಾರೆ. ತಾರಸಿಯಲ್ಲಿ ಮಾಡಬೇಕಾದ್ದೂ ಇದನ್ನೇ. ಫೆಬ್ರವರಿಯಲ್ಲಿ ಭರ್ಜರಿ ಹೂವಿದ್ದು ಜುಲೈನಲ್ಲಿ ಬರೀ ಎಲೆ ಇದ್ದರೆ ಆ ಜೇನು ಜುಲೈನಲ್ಲಿ ಏನು ತಿನ್ನಬೇಕು?

ಬೆಂಗಳೂರಿನಲ್ಲಿ ಬೇಸಿಗೆಯ ಚಿಂತೆ ಕಡಿಮೆ. ಮಾರ್ಚ್‌ನಿಂದ ಹೊಂಗೆ, ಬೇವು, ನೇರಳೆ, ಆಮೇಲೆ ಹುಣಸೆ, ಬೀದಿ ಮರಗಳೇ ಆ ಕೆಲಸ ಮಾಡುತ್ತವೆ. ಹೊಂಗೆ ಹೂವು ಉದುರಿ ಫುಟ್‌ಪಾತ್ ನಸುಗೆಂಪಾಗಿರುತ್ತದಲ್ಲ, ಆಗ ಮರದ ಕೆಳಗೆ ನಿಂತು ಕಿವಿಗೊಡಿ. ಆ ತಿಂಗಳುಗಳಲ್ಲಿ ನಿಮ್ಮ ತಾರಸಿಯಿಂದ ಜೇನಿಗೆ ಹೆಚ್ಚಾಗಿ ಬೇಕಾದ್ದು ನೀರು.

ಕಷ್ಟ ಇರುವುದು ಜೂನ್‌ನಿಂದ ಸೆಪ್ಟೆಂಬರ್. ಮೋಡ, ಮಳೆ, ಹೂಬಿಟ್ಟ ಮರ ಕಡಿಮೆ. ಜೇನು ಸಾಕುವವರು ಮಳೆಗಾಲದಲ್ಲಿ ಪೆಟ್ಟಿಗೆಗೆ ಸಕ್ಕರೆ ಪಾನಕ ಇಡುವುದು ಇದಕ್ಕೇ. ನಿಮ್ಮ ಕುಂಡಗಳಿಗೆ ನಿಜವಾದ ಬೆಲೆ ಆಗ. ಏಪ್ರಿಲ್ ಕೊನೆಯಲ್ಲಿ ಕಾಮಕಸ್ತೂರಿ, ಒಂದೇ ಸುತ್ತಿನ ಝಿನ್ನಿಯಾ, ಕಿತ್ತಳೆ ಬಣ್ಣದ ಕಾಸ್ಮಾಸ್, ಸೂರ್ಯಕಾಂತಿ ಬಿತ್ತಿಬಿಡಿ. ತುಂಬೆಯನ್ನು ಬಿತ್ತಬೇಕಾಗಿಲ್ಲ, ಖಾಲಿ ಕುಂಡವಿದ್ದರೆ ಮಳೆ ಬಿದ್ದ ಮೇಲೆ ಅದೇ ಬರುತ್ತದೆ, ಕಳೆ ಅಂತ ಕೀಳಬೇಡಿ. ಅಕ್ಟೋಬರ್, ನವೆಂಬರ್ ಹುಚ್ಚೆಳ್ಳಿಗೆ ಮತ್ತು ತೊಗರಿಗೆ. ಡಿಸೆಂಬರ್, ಜನವರಿ ಅವರೆಗೆ. ಬೆಂಗಳೂರಿನಲ್ಲಿ ಅವರೆ ಮೇಳ ನಡೆಯುವ ಹೊತ್ತಿಗೆ ನಿಮ್ಮ ಬಳ್ಳಿಯಲ್ಲೂ ಹೂವು ಕಾಯಿ ಎರಡೂ ಇರಬೇಕು. ಅಕ್ಟೋಬರ್‌ನಲ್ಲಿ ಹಾಕಿದ ಸಬ್ಬಸಿಗೆ, ಸಾಸಿವೆ ಅಲ್ಲಿಂದ ಮುಂದೆ ಫೆಬ್ರವರಿ ತನಕ ತಳ್ಳುತ್ತವೆ.

ಕ್ಯಾಲೆಂಡರಿನಲ್ಲಿ ಬರೆದಿಡಿ. ನಮ್ಮ ಅಡುಗೆಮನೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ "ಹುಚ್ಚೆಳ್ಳು ಹೂ" ಅಂತ ಬರೆದಿರುತ್ತೇನೆ, ಮರುವರ್ಷ ಯಾವ ತಿಂಗಳು ಖಾಲಿ ಅಂತ ಆಗಲೇ ಗೊತ್ತಾಗುವುದು.

ಒಂದೊಂದಲ್ಲ, ಗುಂಪಾಗಿ

ಹತ್ತು ಬಗೆಯ ಗಿಡ ಒಂದೊಂದು ಇಡುವುದಕ್ಕಿಂತ ನಾಲ್ಕು ಬಗೆಯದು ಗುಂಪಾಗಿ ಇಡುವುದು ಮೇಲು. ಗುಂಪಾಗಿ ಗೂಡು ಕಟ್ಟುವ ಜೇನು ಒಂದು ಸಲ ಹೊರಟರೆ ಸಾಮಾನ್ಯವಾಗಿ ಒಂದೇ ಬಗೆಯ ಹೂವಿಗೆ ಹೋಗುತ್ತದೆ. ಒಂದೇ ಒಂದು ಹುಚ್ಚೆಳ್ಳು ಗಿಡಕ್ಕಾಗಿ ಮೂರನೇ ಮಹಡಿ ಹತ್ತಿ ಬರುವುದು ಅದಕ್ಕೆ ಗಿಟ್ಟುವುದಿಲ್ಲ. ಮಾರುಕಟ್ಟೆಯ ಹಳೆ ಟೊಮೇಟೊ ಕ್ರೇಟಿಗೆ ಗೋಣಿಚೀಲ ಹಾಸಿ, ಕೆಂಪು ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಕಲಸಿ ತುಂಬಿ. ಒಂದು ಕ್ರೇಟಿಗೆ ಒಂದೇ ಬಗೆ. ಎರಡು ಕ್ರೇಟ್ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಭಾರದ ಕ್ರೇಟುಗಳನ್ನು ತಾರಸಿಯ ನಡುವೆ ಗುಡ್ಡೆ ಹಾಕಬೇಡಿ, ಗೋಡೆ ಇರುವ ಅಂಚಿಗೆ ಇಡಿ.

ಬಿಸಿಲು ಆರು ಗಂಟೆಯಾದರೂ ಬೇಕು. ಗಾಳಿಯನ್ನು ಮರೆಯಬೇಡಿ, ಆಷಾಢದ ಗಾಳಿಗೆ ಮೇಲಿನ ಮಹಡಿಯಲ್ಲಿ ಹೂವು ತೂಗಾಡುತ್ತಿದ್ದರೆ ಜೇನು ಕೂರಲು ಹೋಗಿ ಹೋಗಿ ವಾಪಸ್ ಬರುತ್ತದೆ. ಪ್ಯಾರಪೆಟ್ ಮರೆಯಲ್ಲಿ, ಬೆಳಗಿನ ಬಿಸಿಲು ಬೀಳುವ ಕಡೆ ಇಡಿ.

ತರಕಾರಿಗೆ ಯಾವ ಹೊತ್ತು, ಯಾವ ಹುಳು

ಸಿಹಿಗುಂಬಳದ ಹೂವು ಬೆಳಗಿನ ಜಾವ ಅರಳಿ ಹತ್ತು, ಹನ್ನೊಂದಕ್ಕೆ ಮುದುಡುತ್ತದೆ. ಅಷ್ಟರೊಳಗೆ ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ತಲುಪಬೇಕು. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಂಥ ಕಾಯಿ ಇರುತ್ತದೆ, ಗಂಡಿಗೆ ಬರೀ ಉದ್ದ ತೊಟ್ಟು. ನನ್ನ ಬಳ್ಳಿಯಲ್ಲಿ ಉದುರುತ್ತಿದ್ದದ್ದು ಜೇನು ಮುಟ್ಟದ ಹೆಣ್ಣು ಹೂವುಗಳ ಕಾಯಿ. ಈಗ ಬಳ್ಳಿ ಪಕ್ಕದಲ್ಲೇ ಕಾಮಕಸ್ತೂರಿ ಕ್ರೇಟ್ ಇದೆ, ಅದಕ್ಕೆ ಬಂದವು ಇದಕ್ಕೂ ಬರುತ್ತವೆ. ಜೇನು ಬರುವ ತನಕ ಗಂಡು ಹೂವು ಕಿತ್ತು ಎಸಳು ಬಿಡಿಸಿ ಹೆಣ್ಣು ಹೂವಿಗೆ ನೀವೇ ಸವರಿ.

ಸೋರೆಯದು ಬೇರೆ ಕಥೆ. ಬಿಳಿ ಹೂವು, ಅರಳುವುದು ಸಂಜೆ, ಬರುವುದು ಪತಂಗ. ಹೀರೆ ಕೂಡ ಸಂಜೆಯದೇ, ತುಪ್ಪದ ಹೀರೆ ಮಾತ್ರ ಬೆಳಿಗ್ಗೆ. ಹಾಗಾಗಿ ಸೋರೆ ಬಳ್ಳಿ ಇದ್ದವರು ತಾರಸಿಯ ದೀಪವನ್ನು ರಾತ್ರಿಯೆಲ್ಲ ಉರಿಸಬೇಡಿ, ಪತಂಗಗಳು ಬಲ್ಬಿನ ಸುತ್ತ ತಿರುಗುತ್ತಾ ಹೂವನ್ನು ಮರೆಯುತ್ತವೆ.

ಟೊಮೇಟೊ, ಬದನೆ ಇನ್ನೂ ವಿಚಿತ್ರ. ಪರಾಗ ಕೊಳವೆಯೊಳಗೆ ಇರುತ್ತದೆ, ಉಪ್ಪಿನ ಡಬ್ಬಿಯ ಹಾಗೆ ಅಲುಗಾಡಿಸಿದರೆ ಮಾತ್ರ ಉದುರುವುದು. ನೀಲಿ ಪಟ್ಟೆಯ ಜೇನು, ಕಪ್ಪು ದುಂಬಿ ಹೂವನ್ನು ತಬ್ಬಿಕೊಂಡು ರೆಕ್ಕೆ ಬಡಿಯದೆ ಮೈ ಮಾತ್ರ ನಡುಗಿಸುತ್ತವೆ, ಆಗ ಸದ್ದೂ ಬದಲಾಗುತ್ತದೆ, ಹಲ್ಲಿನ ಡಾಕ್ಟರ್ ಮೆಷೀನಿನ ಥರ. ತುಡುವೆಗೆ, ಹೆಜ್ಜೇನಿಗೆ ಈ ವಿದ್ಯೆ ಬರುವುದಿಲ್ಲ. ಟೊಮೇಟೊ ಗಾಳಿಗೆ ಅಲುಗಾಡಿದರೂ ಒಂದಷ್ಟು ಕಾಯಿ ಕಟ್ಟುತ್ತದೆ, ಆದರೆ ಇವು ಬಂದರೆ ಲೆಕ್ಕವೇ ಬೇರೆ.

ಔಷಧಿ

ಇಷ್ಟೆಲ್ಲ ಮಾಡಿ ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ಹೊಡೆದರೆ ಕರೆದು ವಿಷ ಇಟ್ಟ ಹಾಗೆ. ಅದು, ಥಯಾಮೆಥಾಕ್ಸಾಮ್, ಇವೆಲ್ಲ ಗಿಡದ ಒಳಗೇ ಹರಿದು ಹೂವಿನ ರಸಕ್ಕೂ ಪರಾಗಕ್ಕೂ ಸೇರುತ್ತವೆ, ಮೇಲಿಂದ ತೊಳೆದರೆ ಹೋಗುವುದಿಲ್ಲ. ಯುರೋಪಿಯನ್ ಒಕ್ಕೂಟ 2018ರಲ್ಲಿ ಈ ಜಾತಿಯ ಮೂರು ಔಷಧಿಗಳನ್ನು ಬಯಲಲ್ಲಿ ಬಳಸದಂತೆ ನಿಷೇಧಿಸಿತು. ನಮ್ಮಲ್ಲಿ ಗೊಬ್ಬರದಂಗಡಿಯಲ್ಲಿ ಸಣ್ಣ ಬಾಟಲಿಯಲ್ಲಿ ಸಿಗುತ್ತದೆ, "ಗಿಡದ ಟಾನಿಕ್ ಜೊತೆ ಇದನ್ನೂ ಹಾಕಿ" ಅಂತ ಕೊಡುವವರಿದ್ದಾರೆ. ಡಬ್ಬಿ ಮೇಲಿನ ಹೆಸರು ಓದಿ. ನರ್ಸರಿಯಲ್ಲೂ ಏನು ಹಾಕಿದ್ದೀರಿ ಅಂತ ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ತಂದ ಗಿಡದ ಹೂವೆಲ್ಲ ಕತ್ತರಿಸಿ, ಹೊಸ ಚಿಗುರು ಬಂದು ಹೂವಾಗುವ ತನಕ ಬೇರೆ ಕಡೆ ಇಡಿ.

ಹೇನಿಗೆ ಮೊದಲು ನೀರಿನ ಪೈಪಿನಿಂದ ಜೋರಾಗಿ ಹೊಡೆಯಿರಿ. ಆಗದಿದ್ದರೆ ಒಂದು ಲೀಟರ್ ನೀರಿಗೆ 5 ಎಂ.ಎಲ್. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು, ಸಂಜೆ ಜೇನು ಮನೆಗೆ ಹೋದ ಮೇಲೆ, ಎಲೆಗೆ ಮಾತ್ರ. ಬೇವು ನಮ್ಮದೇ ಅಂತ ಹೂವಿಗೂ ಹೊಡೆಯಬೇಡಿ. ಕರಿಬೇವು, ನಿಂಬೆ ಗಿಡದಲ್ಲಿ ಹಕ್ಕಿ ಪಿಚಿಕೆಯ ಹಾಗೆ ಕಾಣುವ ಹುಳು ಚಿಟ್ಟೆಯ ಮರಿ, ಎರಡು ಕೊಂಬೆ ಅದಕ್ಕೆ ಬಿಟ್ಟುಕೊಡಿ.

ನೀರು, ಗೂಡು, ಮತ್ತೆ ಪಕ್ಕದ ಮನೆಯವರು

ಅಗಲವಾದ ತಟ್ಟೆಗೆ ಬೆಣಚುಕಲ್ಲು ಹಾಕಿ, ಕಲ್ಲಿನ ತಲೆ ಮುಳುಗದಷ್ಟು ನೀರು. ಡೆಂಗ್ಯೂ ಕಾಲದಲ್ಲಿ ದಿನಾ ಬದಲಿಸಿ. ಒಂದು ಕುಂಡದಲ್ಲಿ ಏನೂ ನೆಡದೆ ಬರೀ ಕೆಂಪು ಮಣ್ಣು ಗಟ್ಟಿ ಮಾಡಿ ಮಳೆ ಬೀಳದ ಕಡೆ ಇಡಿ, ನೀಲಿ ಪಟ್ಟೆಯದು ಮಣ್ಣು ಕೊರೆದು ಗೂಡು ಮಾಡುತ್ತದೆ. ಬೆರಳು ಗಾತ್ರದ ಬಿದಿರ ಕೊಳವೆಗಳನ್ನು ಕಟ್ಟಿ ಮಲಗಿಸಿದರೆ ಎಲೆ ಕತ್ತರಿಸುವ ಜೇನಿಗೆ ಆಯಿತು.

ಅಪಾರ್ಟ್‌ಮೆಂಟಿನಲ್ಲಿ ಮೊದಲು ಬರುವ ಪ್ರಶ್ನೆ: "ನಿಮ್ಮ ಗಿಡದಿಂದ ಹೆಜ್ಜೇನು ಬಂದು ಕಟ್ಟಿದರೆ?" ನಾಲ್ಕು ಕ್ರೇಟ್ ಹೂವು ನೋಡಿ ಹೆಜ್ಜೇನು ಹುಟ್ಟು ಕಟ್ಟುವುದಿಲ್ಲ. ಅದಕ್ಕೆ ಬೇಕಾದ್ದು ಎತ್ತರ, ಮರೆ, ಚಾಚು. ಕಟ್ಟಿದರೂ ಅದು ವಲಸೆ ಹೋಗುವ ಜಾತಿ, ಕೆಲವು ತಿಂಗಳಲ್ಲಿ ತಾನೇ ಹೋಗುತ್ತದೆ. ಅಲ್ಲಿಯ ತನಕ ಕಲ್ಲು, ಹೊಗೆ ಬೇಡ, ರಾತ್ರಿ ಅದರ ಹತ್ತಿರದ ದೀಪ ಆರಿಸಿ. ಹೂವಿನ ಮೇಲಿರುವ ಜೇನು ಸುಮ್ಮನೆ ಕುಟುಕುವುದಿಲ್ಲ, ಹಿಡಿದರೆ, ತುಳಿದರೆ ಮಾತ್ರ. ಕುಟುಕಿದರೆ ಮುಳ್ಳನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ. ಮುಖ ಊದಿಕೊಂಡು ಉಸಿರು ಕಟ್ಟಿದ ಹಾಗಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ. ಅಲರ್ಜಿ ಇರುವವರ ಮನೆ ಬಾಗಿಲ ಹತ್ತಿರ ಕ್ರೇಟ್ ಇಡದಿರುವುದೂ ಒಂದು ಮರ್ಯಾದೆ.

ನೆಲದಲ್ಲಿ ಜಾಗ ಇದ್ದವರು ಕುಂಡದ ಜೊತೆಗೆ ಒಂದು ನುಗ್ಗೆ, ಒಂದು ಕರಿಬೇವು, ಒಂದು ನಿಂಬೆ ಹಾಕಿ. ಬೀದಿ ಬದಿಯಲ್ಲಿ ನೆಡಲು ಅವಕಾಶ ಸಿಕ್ಕರೆ ಹೊಂಗೆ.

ಕೊನೆಯದಾಗಿ ಒಣಗಿದ ಕಡ್ಡಿಗಳ ವಿಷಯ. ಕಾಮಕಸ್ತೂರಿಯ ಹಳೆ ಕಡ್ಡಿಯನ್ನು ಸಂಜೆ ಹೊತ್ತು ಕತ್ತರಿಸಬೇಡಿ. ಕಳೆದ ಅಕ್ಟೋಬರ್‌ನಲ್ಲಿ ಒಂದು ಸಂಜೆ ಕತ್ತರಿ ಹಿಡಿದು ಹೋದವನು ಟಾರ್ಚ್ ಹಾಕಿ ನೋಡಿದೆ. ಒಂದೇ ಕಡ್ಡಿಗೆ ಸಾಲಾಗಿ ಏಳು ನೀಲಿ ಪಟ್ಟೆಯ ಜೇನುಗಳು, ಕಾಲು ಮಡಚಿಕೊಂಡು ಬರೀ ದವಡೆಯಿಂದ ಕಡ್ಡಿಯನ್ನು ಕಚ್ಚಿ ಹಿಡಿದು ಮಲಗಿದ್ದವು. ಗಂಡು ಜೇನುಗಳು, ಅವಕ್ಕೆ ಗೂಡಿಲ್ಲ, ರಾತ್ರಿ ಕಳೆಯುವುದು ಹೀಗೇ. ಅಮ್ಮನನ್ನು ಕರೆದು ತೋರಿಸಿದೆ. ಅವರು ಟಾರ್ಚ್ ಆರಿಸು ಅಂದರು. ಈಗ ಕತ್ತರಿಸುವುದೇನಿದ್ದರೂ ಬೆಳಿಗ್ಗೆ ಹತ್ತರ ಮೇಲೆ.